ಹದಿನೈದು ದಿನದ ಸೇವೆ ನಮಗೆ ಬೇಡ



ಈ ಸಲದ ಬರಹ ನಿಮ್ಮಲ್ಲಿ ಕೆಲವರಿಗೆ ಕಹಿಯೆನಿಸಬಹುದು. ಓದಿ ಸಿಟ್ಟು ಬಂದರೆ ಬರಲಿ. ತರಗತಿಯಲ್ಲಿ ನನ್ನ ಸಿಟ್ಟನ್ನು ನೀವು ಎಷ್ಟೋ ವರ್ಷ ಸಹಿಸಿಕೊಂಡಿದ್ದೀರಿ. ನಿಮ್ಮದನ್ನು ಸಹಿಸುವ ಸರದಿ ಈಗ ನನ್ನದು.

ಕಳೆದ ಎರಡು ವರ್ಷಗಳಲ್ಲಿ ಬೆಂಗಳೂರು, ಪುಣೆ ಹಾಗೂ ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಅಚ್ಚಿನಲ್ಲಿ ತೆಗೆದಂತಹ ಐದಾರು ಮಿಂಚಂಚೆಗಳು ಬಂದಿವೆ. ಒಕ್ಕಣೆ ಬೇರೆ ಬೇರೆ, ತಾತ್ಪರ್ಯ ಒಂದೇ. ಮಗಳೋ ಮಗನೋ ಹನ್ನೊಂದನೆಯ ತರಗತಿ ಮುಗಿಸುತ್ತಿದ್ದಾರೆ. ಹೊರದೇಶದ ಕಾಲೇಜಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಸಮಾಜಸೇವೆಯ ಅನುಭವ ತೋರಿಸಬೇಕು. 'ಸರ್, ನಿಮ್ಮ ಬೀಡಿಯ ಸುತ್ತಮುತ್ತ ಸಿದ್ದಿ ಜನರ ಊರುಗಳಿವೆಯಲ್ಲ, ಅಲ್ಲಿ ಯಾರದಾದರೂ ಮನೆಯಲ್ಲಿ ಎರಡು ವಾರ ಉಳಿದು ಮಕ್ಕಳಿಗೆ ಇಂಗ್ಲಿಷ್ ಕಲಿಸಲಿ. ವ್ಯವಸ್ಥೆ ಮಾಡಿಕೊಡಿ.' ಒಬ್ಬನಂತೂ ಇನ್ನೂ ಮುಂದೆ ಹೋಗಿ ಬರೆದಿದ್ದ. ಮಗಳು ಆಫ್ರಿಕಾದ ಹಳ್ಳಿಯೊಂದಕ್ಕೆ ಸ್ವಯಂಸೇವಕಿಯಾಗಿ ಹೋಗಬೇಕೆಂದಿದ್ದಳಂತೆ. ಕಳುಹಿಸಿಕೊಡುವ ಕಂಪನಿಯವರು ಕೇಳಿದ ಶುಲ್ಕ ಕಂಡು ಇವನು ಬೆಚ್ಚಿದ. ಅಷ್ಟರಲ್ಲಿ ಸಿದ್ದಿಯರ ಕುಣಿತದ ವಿಡಿಯೋ ಒಂದು ಕಣ್ಣಿಗೆ ಬಿತ್ತು. 'ಆಫ್ರಿಕಾ ನಮ್ಮ ತಾಲೂಕಿನಲ್ಲೇ ಇದೆಯಲ್ಲ ಸರ್!' ಎಂದು ಸಂತೋಷಪಟ್ಟು ಬರೆದಿದ್ದ.

ಈ ಹುಡುಗ ಕೆಟ್ಟವನಲ್ಲ. ನನ್ನ ಬಳಿ ಸಮಾಜ ವಿಜ್ಞಾನ ಕಲಿತವನು, ಶಾಲೆಗೆ ಪುಸ್ತಕದ ಕಪಾಟು ಕೊಡಿಸಿದವನು. ಅದಕ್ಕೇ ಅವನ ಆ ಒಂದು ವಾಕ್ಯ ನನ್ನನ್ನು ಹೆಚ್ಚು ಕಾಡಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ನುಣುಚಿಕೊಳ್ಳುವ ಬದಲು ಎಲ್ಲರಿಗೂ ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ವ್ಯವಸ್ಥೆ ಮಾಡುವುದಿಲ್ಲ. ಬೇರೆಯವರು ಮಾಡುವುದಾದರೂ ಬೇಡವೆಂದು ಹೇಳುತ್ತೇನೆ. ಯಾಕೆಂದು ಕೇಳಿ.

ಮೊದಲು ಆ 'ಆಫ್ರಿಕಾ' ಎಂಬ ಮಾತು. ಸಿದ್ದಿಯರ ಪೂರ್ವಜರು ಪೂರ್ವ ಆಫ್ರಿಕಾದವರು ಎಂಬುದು ನಿಜ. ಶತಮಾನಗಳ ಹಿಂದೆ ಪೋರ್ಚುಗೀಸರ ಗೋವಾಕ್ಕೆ ಅವರಲ್ಲಿ ಬಹಳಷ್ಟು ಜನರನ್ನು ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ನಮ್ಮ ಕಾಡುಗಳಲ್ಲಿ ನೆಲೆಯೂರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳಲ್ಲಿ ಹೆಚ್ಚಾಗಿ, ನಮ್ಮ ಖಾನಾಪುರ ತಾಲೂಕಿನ ಕಾಡಂಚಿನಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿಯ ಕಡೆ ಅವರಿದ್ದಾರೆ. ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಬೀಡಿಯ ಸಂತೆಯಲ್ಲಿ ನನ್ನ ಪಕ್ಕದಲ್ಲಿ ನಿಂತು ಒಣಮೆಣಸಿನಕಾಯಿಗೆ ಚೌಕಾಸಿ ಮಾಡುವ ಸಿದ್ದಿ ಹೆಣ್ಣುಮಗಳು ಆಫ್ರಿಕಾದವಳಲ್ಲ, ಖಾನಾಪುರ ತಾಲೂಕಿನವಳು. ನನ್ನ ಅಜ್ಜ ಈ ಊರಿಗೆ ಬರುವುದಕ್ಕಿಂತ ಎಷ್ಟೋ ಮೊದಲು ಅವಳ ಹಿರಿಯರು ಇಲ್ಲಿದ್ದರು. (1884ರ ಮುಂಬೈ ಗ್ಯಾಸೆಟಿಯರನ್ನು ತೆರೆದು ನೋಡಿದರೆ ಇಡೀ ತಾಲೂಕಿಗೇ 'ಬೀಡಿ' ಎಂದು ಹೆಸರಿದೆ. ಊರಿನ ಅಭಿಮಾನಕ್ಕಾಗಿ ಹೇಳಿದೆ, ಅಷ್ಟೇ.) ಅವಳ ಗುಂಗುರು ಕೂದಲನ್ನು ನೋಡಿ ಅವಳ ಮನೆಯನ್ನು ಪರದೇಶವೆಂದು ಭಾವಿಸುವವನು ಸೇವೆಗೆ ಬರುತ್ತಿಲ್ಲ, ಪ್ರೇಕ್ಷಣೀಯ ಸ್ಥಳಕ್ಕೆ ಬರುತ್ತಿದ್ದಾನೆ.

ಮುಖ ನೋಡಿ ಯೋಜನೆ ಹಾಕುವುದು ಹೊಸದೇನೂ ಅಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೇಂದ್ರಗಳಿಗೆ ಕರೆದೊಯ್ದರು. ಆಫ್ರಿಕಾ ಮೂಲದವರು, ಆದ್ದರಿಂದ ಓಡುತ್ತಾರೆ, ಪದಕ ತರುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಮಕ್ಕಳು ಓಡಿದರು, ಗೆದ್ದರು, ರಾಷ್ಟ್ರಮಟ್ಟಕ್ಕೂ ಹೋದರು. ಆರೇಳು ವರ್ಷಗಳಲ್ಲಿ ಯೋಜನೆಯೇ ನಿಂತುಹೋಯಿತು. ಮನೆ ಬಿಟ್ಟು, ಊರಿನ ಶಾಲೆ ಬಿಟ್ಟು ಹೋಗಿದ್ದ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಕಾಡಿಗೆ, ಕೂಲಿಗೆ ಮರಳಿದರು. ಸರಕಾರದ ಹಣ, ತರಬೇತಾದ ಕೋಚುಗಳು, ವಸತಿನಿಲಯ ಎಲ್ಲವೂ ಇದ್ದ ಯೋಜನೆಯ ಗತಿಯೇ ಹೀಗಾದರೆ ಹದಿನಾರು ವರ್ಷದ ಹುಡುಗಿಯೊಬ್ಬಳು ಎರಡು ವಾರದ ಉತ್ಸಾಹದಿಂದ ಏನನ್ನು ಕಟ್ಟಬಲ್ಲಳು? ಎಬ್ಬಿಸಿ, ಆಸೆ ಹುಟ್ಟಿಸಿ, ಎದ್ದು ಹೋಗುವವರನ್ನು ಆ ಜನ ಒಮ್ಮೆ ನೋಡಿಯಾಗಿದೆ.

ಈಗ ಉಳಿದುಕೊಳ್ಳುವ ಮಾತಿಗೆ ಬರುತ್ತೇನೆ. ನೀವೆಲ್ಲರೂ ಇದನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದೀರಿ, 'ಯಾರದಾದರೂ ಮನೆಯಲ್ಲಿ ಉಳಿಯಲಿ' ಎಂದು. ಕಾಡಂಚಿನ ಮನೆಯೊಂದರಲ್ಲಿ ಪರಸ್ಥಳದವರು ಉಳಿಯುವುದೆಂದರೆ ಏನೆಂದು ನಿಮಗೆ ಮರೆತುಹೋಗಿದೆ. ಹೊರಸು ಇರುವುದು ಒಂದೇ; ಅದು ಅಜ್ಜಿಯದು. ಅತಿಥಿ ಬಂದ ದಿನವೇ ಅಜ್ಜಿ ನೆಲಕ್ಕಿಳಿಯುತ್ತಾಳೆ. ಗಂಡಸರು ಪಡಸಾಲೆಯಿಂದ ಕಟ್ಟೆಗೆ ಹೋಗುತ್ತಾರೆ. ನೀರು ದೂರದಿಂದ ತರಬೇಕಾದ ಮನೆಯಲ್ಲಿ ಸ್ನಾನಕ್ಕೆ ಎರಡು ಕೊಡ ಹೆಚ್ಚು ನೀರು ಬೇಕು, ಅದನ್ನು ಹೊರುವವಳು ಮನೆಯ ಮಗಳು, ಅಂದರೆ ಯಾರಿಗೆ ಇಂಗ್ಲಿಷ್ ಕಲಿಸಲು ಬಂದಿದ್ದಾರೋ ಅವಳೇ. ರೊಟ್ಟಿ ತಿನ್ನಲಾರದವರಿಗೆ ಅನ್ನ, ಖಾರ ತಿನ್ನಲಾರದವರಿಗೆ ಬೇರೆ ಸಾರು, ಡಿಕಾಕ್ಷನ್ ಕುಡಿಯಲಾರದವರಿಗೆ ಹಾಲು. ರಾತ್ರಿ ಹೊರಗೆ ಹೋಗಬೇಕೆಂದರೆ ಬ್ಯಾಟರಿ ಹಿಡಿದು ಜೊತೆಗೊಬ್ಬರು. ಮಳೆಗಾಲವಾದರೆ ಉಂಬಳ ಹತ್ತಿತೆಂದು ಕಿರುಚಿದಾಗಲೆಲ್ಲ ಉಪ್ಪು ಹಿಡಿದು ಓಡಿಬರಲು ಮತ್ತೊಬ್ಬರು.

ಕೆಲವು ವರ್ಷಗಳ ಹಿಂದೆ ನಗರದ ಸಂಸ್ಥೆಯೊಂದರ ಹುಡುಗ ಹುಡುಗಿಯರು ಇಂತಹ ಒಂದು ಊರಿನಲ್ಲಿ ಹನ್ನೆರಡು ದಿನ ಉಳಿದಿದ್ದರು. ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಭಾಷಣಗಳಾದವು. 'ಈ ಜನರ ಬಳಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ' ಎಂದು ಒಬ್ಬ ಹುಡುಗ ಕಣ್ಣೀರು ತಂದುಕೊಂಡ. (ಬಡವರ ಸಂತೋಷವನ್ನು ನೋಡಿ ಕಣ್ಣೀರಿಡುವವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ.) ಕಾರ್ಯಕ್ರಮ ಮುಗಿದ ಮೇಲೆ ಅವರಲ್ಲಿ ಇಬ್ಬರನ್ನು ಇಟ್ಟುಕೊಂಡಿದ್ದ ಮನೆಯ ಹೆಣ್ಣುಮಗಳು ಬಸ್ ನಿಲ್ಲುವ ಮರದವರೆಗೆ ನನ್ನ ಜೊತೆ ಬಂದಳು. ಅವಳ ಮಗ ನನ್ನ ವಿದ್ಯಾರ್ಥಿ. ದನಿ ತಗ್ಗಿಸಿ ಹೇಳಿದಳು: 'ಸರ್ರ, ಚಾಪುಡಿ, ಸಕ್ರಿ, ಹಾಲಿಂದು ಅಂಗಡ್ಯಾಗ ಉದ್ರಿ ಭಾಳ ಆಗೇತ್ರಿ. ಮಗನ ಫೀ ಕಟ್ಟೂದು ಇನ್ನೊಂದ ತಿಂಗಳು ತಡಾ ಆಗ್ತೈತ್ರಿ. ಅವರಿಗೆ ಮಾತ್ರ ಹೇಳಬ್ಯಾಡ್ರಿ, ನಮ್ಮ ಮರ್ಯಾದಿ ಹೋಗ್ತೈತಿ.'

ಊಟಕ್ಕೆ ಹಣ ಕೊಡಲು ಆ ಹುಡುಗರು ಸಿದ್ಧರಿದ್ದರೆಂದೇ ನಂಬುತ್ತೇನೆ. ಆದರೆ ಕೇಳಿದಾಗ ಅವಳು 'ಬ್ಯಾಡ' ಎಂದಿದ್ದಳು, ಅವರು ಅದನ್ನು ನಿಜವೆಂದು ನಂಬಿಬಿಟ್ಟರು. ಮನೆಗೆ ಬಂದವರಿಗೆ ಉಣಬಡಿಸಿ ಹಣ ಕೇಳುವವರು ನಮ್ಮ ಕಡೆ ಯಾರಿದ್ದಾರೆ? ಬೇಡವೆಂದರೂ ಕೊಡುವ ದಾರಿ ಯಾವುದು, ಅಜ್ಜಿಯ ಕೈಗೆ ಕೊಡಬೇಕೋ, ಕಾಳು ತಂದು ಹಾಕಬೇಕೋ, ಅಂಗಡಿಯ ಲೆಕ್ಕ ತೀರಿಸಿ ಸುಮ್ಮನಾಗಬೇಕೋ ಎಂಬುದು ಆ ಊರಿನಲ್ಲಿ ಒಂದು ಸುಗ್ಗಿ ಕಳೆದವರಿಗೆ ಮಾತ್ರ ತಿಳಿಯುತ್ತದೆ. ಹನ್ನೆರಡು ದಿನದಲ್ಲಿ ತಿಳಿಯುವುದಿಲ್ಲ. ಹೀಗಾಗಿ ಸೇವೆ ಮಾಡಿದವರಾರು, ಮಾಡಿಸಿಕೊಂಡವರಾರು ಎಂಬ ಲೆಕ್ಕ ತಲೆಕೆಳಗಾಗುತ್ತದೆ. ಆ ಹನ್ನೆರಡು ದಿನ ಸ್ವಯಂಸೇವಕಿಯಾಗಿದ್ದವಳು ಉದ್ರಿ ಮಾಡಿದ ಆ ತಾಯಿ. ಪ್ರಮಾಣಪತ್ರ ಮಾತ್ರ ಬೇರೆಯವರಿಗೆ ಹೋಯಿತು.

ಇನ್ನು ಕಲಿಸುವುದು. ಇಲ್ಲಿ ನಾನು ಸ್ವಲ್ಪ ದೀರ್ಘವಾಗಿಯೇ ಮಾತನಾಡುತ್ತೇನೆ, ಇದು ನನ್ನ ಕಸುಬು.

ಬಿ.ಎಡ್. ಓದುವಾಗ ನಲವತ್ತು ನಿಮಿಷದ ಒಂದು ಪಾಠಕ್ಕೆ ನಾವು ರಾತ್ರಿಯೆಲ್ಲ ಕುಳಿತು ಪಾಠ ಟಿಪ್ಪಣಿ ಬರೆಯುತ್ತಿದ್ದೆವು. ಹಿಂದಿನ ಬೆಂಚಿನಲ್ಲಿ ಕುಳಿತ ನಮ್ಮ ಪ್ರಾಧ್ಯಾಪಕರು ಕಪ್ಪುಹಲಗೆಯ ಮೇಲಿನ ಅಕ್ಷರ ಓರೆಯಾದರೂ ಗುರುತು ಹಾಕುತ್ತಿದ್ದರು. ಇಂದಿಗೂ ಸರಕಾರಿ ಶಾಲೆಯಲ್ಲಿ ಶಿಕ್ಷಕರಾಗಲು ಡಿ.ಎಡ್. ಅಥವಾ ಬಿ.ಎಡ್. ಬೇಕು, ಅರ್ಹತಾ ಪರೀಕ್ಷೆ ಪಾಸಾಗಬೇಕು. ನಿಮ್ಮ ಮಕ್ಕಳು ಕಲಿಯುವ ಬೆಂಗಳೂರಿನ ಶಾಲೆಯಲ್ಲಿ ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳು ಎರಡು ವಾರ ನಾಲ್ಕನೆಯ ತರಗತಿಗೆ ಪಾಠ ಮಾಡುತ್ತಾಳೆಂದರೆ ನೀವು ಮುಖ್ಯೋಪಾಧ್ಯಾಯರ ಕೊಠಡಿಗೆ ನುಗ್ಗುವುದಿಲ್ಲವೇ? ನಿಮ್ಮ ಮಗುವಿಗೆ ಸಲ್ಲದ ಶಿಕ್ಷಕಿ ಸಿದ್ದಿ ಮಗುವಿಗೆ ಹೇಗೆ ಸಲ್ಲುತ್ತಾಳೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ನಾನೇ ಖಾನಾಪುರದಿಂದ ಬಸ್ ಹತ್ತಿಸಿ ಕರೆತರುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ಮಳೆಗೆ ಹಳ್ಳ ತುಂಬಿ ಮಕ್ಕಳು ಬರಲಾಗದ ದಿನಗಳು ನಮ್ಮ ತಾಲೂಕಿನ ಪಶ್ಚಿಮದ ಊರುಗಳಲ್ಲಿ ಎಷ್ಟೆಂದು ನಿಮಗೆ ಗೊತ್ತು. ಉಳಿದ ದಿನಗಳಲ್ಲಿ ಹನ್ನೆರಡನ್ನು ಹಾಡು, ಆಟ, ಬಣ್ಣದ ಕಾಗದಕ್ಕೆ ಕೊಟ್ಟುಬಿಟ್ಟರೆ ಭಾಗಾಕಾರವನ್ನು ಯಾವಾಗ ಕಲಿಸುವುದು? ಇನ್ನು ಬೆಂಗಳೂರಿನವರದು ಮತ್ತೂ ತಮಾಷೆ. ಅವರಿಗೆ ಬಿಡುವು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ನಮ್ಮ ಶಾಲೆಗಳಿಗೂ ರಜೆ! ಬಾಗಿಲಿಗೆ ಬೀಗ, ಶಿಕ್ಷಕರು ತಮ್ಮ ಊರಿಗೆ, ಮಕ್ಕಳಲ್ಲಿ ಅರ್ಧದಷ್ಟು ಜನ ತಂದೆತಾಯಿಯ ಜೊತೆ ಕೆಲಸಕ್ಕೋ ನೆಂಟರ ಮನೆಗೋ. ಉಳಿದ ಹತ್ತು ಮಕ್ಕಳನ್ನು ಮರದ ಕೆಳಗೆ ಕೂರಿಸಿ ತೆಗೆದ ಚಿತ್ರಗಳನ್ನು ನಾನು ನೋಡಿದ್ದೇನೆ.

ಒಂದು ಶಾಲೆಯಲ್ಲಿ ಮೂರು ವರ್ಷಗಳಲ್ಲಿ ಮೂರು ತಂಡಗಳು ಬಂದವು. ಮೂರೂ ತಂಡದವರು ಕೈಕಾಲು ತಲೆ ಮುಟ್ಟಿಕೊಳ್ಳುವ ಒಂದೇ ಇಂಗ್ಲಿಷ್ ಹಾಡನ್ನು ಕಲಿಸಿದರು. ಮೂರನೆಯ ಸಲ ಮಕ್ಕಳು ಅದನ್ನು ಹೊಸದಾಗಿ ಕಲಿಯುವವರಂತೆ ನಟಿಸಿದರು. ಬಂದವರ ಮನಸ್ಸಿಗೆ ನೋವಾಗಬಾರದಲ್ಲ! ಆರನೆಯ ತರಗತಿಯ ಹುಡುಗಿಯೊಬ್ಬಳು ನನಗೆ ಇದನ್ನು ಹೇಳಿ ನಕ್ಕಳು. ಅದೇ ಶಾಲೆಯ ಗೋಡೆಯ ಮೇಲೆ ಹಿಂದೆ ಒಬ್ಬ ಶಿಕ್ಷಕರು ತಮ್ಮ ಖರ್ಚಿನಲ್ಲಿ ಬರೆಸಿದ್ದ ಕರ್ನಾಟಕದ ನಕಾಶೆಯಿತ್ತು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಎಲ್ಲಿಗೆ ಹೋಗಿ ಕೃಷ್ಣೆಯನ್ನು ಕೂಡುತ್ತಾಳೆಂದು ಮಕ್ಕಳು ಬೆರಳಿಟ್ಟು ತೋರಿಸುತ್ತಿದ್ದರು. ಎರಡನೆಯ ತಂಡದವರು ಅದರ ಮೇಲೆ ಸುಣ್ಣ ಬಳಿದು ಚಿಟ್ಟೆಗಳನ್ನು ಬರೆದು ಹೋದರು. ಚಿಟ್ಟೆಗಳು ಚೆನ್ನಾಗಿವೆ, ಇಲ್ಲವೆನ್ನುವುದಿಲ್ಲ. ಕಾಡಿನ ಮಕ್ಕಳಿಗೆ ಗೋಡೆಯ ಮೇಲೆ ಚಿಟ್ಟೆ ತೋರಿಸುವ ಅಗತ್ಯ ಯಾರಿಗೆ ಕಂಡಿತೋ ತಿಳಿಯದು.

ನಗಬಹುದಾದದ್ದು ಇಷ್ಟು. ನಗಲಾಗದ್ದು ಬೇರೆ ಇದೆ. ಬಂದವರು ಮಕ್ಕಳನ್ನು ಎತ್ತಿಕೊಳ್ಳುತ್ತಾರೆ, ಮುದ್ದಿಸುತ್ತಾರೆ, 'ಮತ್ತೆ ಬರುತ್ತೇನೆ' ಎನ್ನುತ್ತಾರೆ. ದೊಡ್ಡವರಿಗೆ ಅದು ಹೋಗುವಾಗ ಹೇಳುವ ಮಾತೆಂದು ತಿಳಿಯುತ್ತದೆ. ಏಳು ವರ್ಷದ ಮಗುವಿಗೆ ಅದು ವಚನ. 'ಸರ್ರ, ಆ ಅಕ್ಕಾರು ಯಾವಾಗ ಬರ್ತಾರ್ರಿ?' ಎಂದು ಕೇಳಿ ಕೇಳಿ ಒಂದು ದಿನ ಕೇಳುವುದನ್ನು ನಿಲ್ಲಿಸಿಬಿಡುವ ಮಗುವನ್ನು ನೋಡಿದ ಶಿಕ್ಷಕನಿಗೆ ಆಗುವುದು ಸಂಕಟ. ಜಗತ್ತಿನ ಬೇರೆಡೆ ಈ ದಂಧೆ ಎಲ್ಲಿಯವರೆಗೆ ಹೋಯಿತೆಂಬುದೂ ನಿಮಗೆ ತಿಳಿದಿರಲಿ. ಕಾಂಬೋಡಿಯಾದಲ್ಲಿ ಪ್ರವಾಸಿ ಸ್ವಯಂಸೇವಕರು ಬರುತ್ತಾರೆಂದೇ ಅನಾಥಾಲಯಗಳು ಹೆಚ್ಚಿದವು. ಅಲ್ಲಿದ್ದ ಮಕ್ಕಳಲ್ಲಿ ಬಹುಪಾಲಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಆಸ್ಟ್ರೇಲಿಯಾ ತನ್ನ 2018ರ ಆಧುನಿಕ ಗುಲಾಮಗಿರಿ ಕಾಯ್ದೆಯನ್ನು ತರುವ ಹೊತ್ತಿಗೆ ಈ ಅನಾಥಾಲಯ ಪ್ರವಾಸವೂ ಗುಲಾಮಗಿರಿಯ ಚರ್ಚೆಯೊಳಗೆ ಬಂತು. ನಮ್ಮಲ್ಲಿ ಹಾಗಾಗಿಲ್ಲ. ಆದರೆ ಬಡತನವನ್ನು ನೋಡಲು ಹಣವಂತರು ಬರುತ್ತಾರೆಂದಾದರೆ ಬಡತನವನ್ನು ಸಿದ್ಧವಾಗಿಟ್ಟುಕೊಂಡು ಕಾಯುವ ಮಧ್ಯವರ್ತಿಗಳು ಎಲ್ಲಿ ಬೇಕಾದರೂ ಹುಟ್ಟುತ್ತಾರೆ.

'ಏನೂ ಇಲ್ಲದಿರುವುದಕ್ಕಿಂತ ಅಷ್ಟಾದರೂ ವಾಸಿಯಲ್ಲವೇ ಸರ್?' ಇದು ನಿಮ್ಮ ಮುಖ್ಯ ವಾದ. ಅಲ್ಲಿ ಏನೂ ಇಲ್ಲವೆಂದು ನಿಮಗೆ ಹೇಳಿದವರು ಯಾರು? ಶಿಕ್ಷಕಿಯೊಬ್ಬಳಿದ್ದಾಳೆ, ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಹೆಣಗುತ್ತಿದ್ದಾಳೆ. ಅಂಗನವಾಡಿ ಕಾರ್ಯಕರ್ತೆಯಿದ್ದಾಳೆ. ಮಳೆಯಲ್ಲಿ ಬಸುರಿ ಹೆಣ್ಣುಮಗಳ ಜೊತೆ ನಡೆದುಹೋಗುವ ಆಶಾ ಕಾರ್ಯಕರ್ತೆಯಿದ್ದಾಳೆ. ಬಿಸಿಯೂಟದ ಅಡುಗೆಯವರಿದ್ದಾರೆ. ಇವರಾರೂ ನಿಮ್ಮ ಚಿತ್ರಗಳಲ್ಲಿ ಬರುವುದಿಲ್ಲ. ಇನ್ನೊಂದು ಮಾತು. ಖಾಲಿ ಹುದ್ದೆಯೆಂಬುದು ಖಾಲಿಯಾಗಿಯೇ ಕಾಣಬೇಕು. ಊರಿನವರು ಅದನ್ನು ತೋರಿಸಿ ಜಗಳವಾಡಬೇಕು. ಬಂದು ಹೋಗುವ ಹುಡುಗರಿಂದ ಆ ಖಾಲಿ ಜಾಗವನ್ನು ಆಗಾಗ ತುಂಬಿದರೆ ಜಗಳದ ಕಾವು ಇಳಿಯುತ್ತದೆ, ಕುರ್ಚಿ ಖಾಲಿಯೇ ಉಳಿಯುತ್ತದೆ.

ಹಾಗಾದರೆ ಹೊರಗಿನವರು ಬರಲೇಬಾರದೇ ಎಂದು ಕೇಳುವಿರಿ. ಬರಬಾರದೆಂದು ನಾನು ಹೇಳಿದರೆ ಚರಿತ್ರೆಯೇ ನನ್ನ ಕಿವಿ ಹಿಂಡುತ್ತದೆ. ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದವರು. ಮತಪ್ರಚಾರಕ್ಕೇ ಬಂದವರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ, ಅಂದರೆ ನಲವತ್ತೊಂದು ವರ್ಷಗಳ ಮೇಲೆ. ಡಾ. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಸೋಲಿಗರ ವಿಶ್ವಾಸ ಗಳಿಸುವುದಕ್ಕೇ ಕಾಲ ಹಿಡಿಯಿತು; ಅಲ್ಲಿ ನಿಂತು ಚಿಕಿತ್ಸೆ ಮಾಡುತ್ತಾ ಹೋದುದರಿಂದಲೇ ಅವರಲ್ಲಿರುವ ಸಿಕಲ್ ಸೆಲ್ ರಕ್ತಹೀನತೆ ಅವರ ಗಮನಕ್ಕೆ ಬಂತು. ಎರಡು ವಾರದ ಆರೋಗ್ಯ ಶಿಬಿರಕ್ಕೆ ಅದು ಎಲ್ಲಿ ಕಾಣುತ್ತಿತ್ತು? ನಮ್ಮ ಬೆಳಗಾವಿ ಜಿಲ್ಲೆಯ ಹುದಲಿಯನ್ನೇ ತೆಗೆದುಕೊಳ್ಳಿ. 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ಅಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಬಂದು ಕೆಲವು ದಿನ ಇದ್ದರು ಎಂದು ಎಲ್ಲರೂ ಹೇಳುತ್ತಾರೆ. ಗಾಂಧೀಜಿ ಬಂದು ಹೋದರು. ಹುದಲಿಯಲ್ಲಿ ಖಾದಿ ಬೇರುಬಿಟ್ಟದ್ದು ಅದಕ್ಕೆ ಮೊದಲೂ ಆಮೇಲೂ ಅಲ್ಲಿ ನೆಲೆನಿಂತ ಗಂಗಾಧರರಾವ್ ದೇಶಪಾಂಡೆ ಮತ್ತು ಅವರ ಸಂಗಾತಿಗಳಿಂದ. ಸ್ವತಃ ಗಾಂಧೀಜಿಯೂ ಹಳ್ಳಿಯ ಕೆಲಸವನ್ನು ಅರಿಯಲು 1936ರಲ್ಲಿ ವಾರ್ಧಾ ಬಿಟ್ಟು ಸೇಗಾಂವದಲ್ಲಿ ಮನೆ ಮಾಡಿದವರು, ಮಲೇರಿಯಾ ಹಿಡಿದರೂ ಅಲ್ಲಿಯೇ ಉಳಿದವರು.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳಿಗಾಗಿ ನಿಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. 1961ರಲ್ಲಿ ಕೆನಡಿ ಆರಂಭಿಸಿದ ಪೀಸ್ ಕೋರ್‌ನವರು ನಮ್ಮ ಮೈಸೂರು ರಾಜ್ಯಕ್ಕೂ ಬಂದಿದ್ದರು. ಕೋಳಿ ಸಾಕಣೆ, ಬೇಸಾಯ ಮುಂತಾದ ಕೆಲಸಗಳಲ್ಲಿದ್ದರು. 1976ರಲ್ಲಿ ಭಾರತದಲ್ಲಿ ಅವರ ಕೆಲಸ ನಿಂತಿತು. ಅವರ ರಾಜಕೀಯದ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಆದರೆ ಅವರು ಬರುವ ಮೊದಲು ಕನ್ನಡ ಕಲಿತರು, ಬಂದ ಮೇಲೆ ಎರಡು ವರ್ಷ ಇದ್ದರು. ಇಂದಿಗೂ ಅವರ ನಿಯಮ ಅದೇ: ಮೂರು ತಿಂಗಳ ತರಬೇತಿ, ಎರಡು ವರ್ಷದ ವಾಸ, ತರಬೇತಿಯ ಕಾಲದಲ್ಲಿ ಇಟ್ಟುಕೊಂಡ ಮನೆಯವರಿಗೆ ಸಂಸ್ಥೆಯಿಂದಲೇ ಹಣ. ಅಷ್ಟು ಮಾಡಿಯೂ ಅವರಿಗೆ ಟೀಕೆ ತಪ್ಪಲಿಲ್ಲ. ಇವಾನ್ ಇಲಿಚ್ ಎಂಬ ಚಿಂತಕ 1968ರಲ್ಲಿ ಮೆಕ್ಸಿಕೋದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರನ್ನೇ ಎದುರಿಗೆ ಕೂರಿಸಿಕೊಂಡು, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದ ಭಾಷಣ ಮಾಡಿದ. ನನಗೆ ಅವನ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಅಷ್ಟು ಬಾಗಿಲು ಮುಚ್ಚಿದರೆ ಸುದರ್ಶನರಿಗೂ ಜಾಗವಿರುವುದಿಲ್ಲ.

ನಮ್ಮವರ ಎನ್.ಎಸ್.ಎಸ್. ಶಿಬಿರಗಳನ್ನೂ ಇದೇ ತಕ್ಕಡಿಗೆ ಹಾಕುವಿರೇನು ಎಂದು ಕೇಳಿದರೆ, ಹೌದು. 1969ರಲ್ಲಿ ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ ಆರಂಭವಾದ ಆ ಯೋಜನೆಯ ಮೇಲೆ ನನಗೆ ಗೌರವವಿದೆ. ಏಳು ದಿನದ ಶಿಬಿರದಲ್ಲಿ ಹುಡುಗರು ಗುದ್ದಲಿ ಹಿಡಿಯುವುದನ್ನು ಕಲಿಯುತ್ತಾರೆ, ತಮ್ಮ ತಟ್ಟೆ ತಾವೇ ತೊಳೆಯುತ್ತಾರೆ, ಅದು ಅವರ ಶಿಕ್ಷಣ. ಅದನ್ನು ಹಳ್ಳಿಯ ಉದ್ಧಾರವೆಂದು ಕರೆಯದಿದ್ದರೆ ಸಾಕು. ಒಂದೇ ಗಟಾರವನ್ನು ಪ್ರತಿ ಜನವರಿಯಲ್ಲಿ ತೋಡುವುದನ್ನೂ ಜೂನ್‌ನಲ್ಲಿ ಅದು ಮುಚ್ಚಿಹೋಗುವುದನ್ನೂ ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಈ ಜನರಿಗೆ ನಿಜವಾಗಿ ಬೇಕಾದ ಸೇವೆ ಯಾವುದು ಗೊತ್ತೇ? ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರು ಸೇರಿದ್ದು 2020ರಲ್ಲಿ! ಹಳಿಯಾಳದ ತಂಗಿಗೆ ಇದ್ದ ಪ್ರಮಾಣಪತ್ರ ಗಡಿ ದಾಟಿ ಖಾನಾಪುರದಲ್ಲಿ ಸಂಸಾರ ಹೂಡಿದ ಅಣ್ಣನ ಮಕ್ಕಳಿಗೆ ಹದಿನೇಳು ವರ್ಷ ಇರಲಿಲ್ಲ. ಇದು ಬರೀ ವಿದ್ಯಾರ್ಥಿವೇತನದ ಪ್ರಶ್ನೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಭೂಮಿ ಸಾಗುವಳಿ ಮಾಡುತ್ತಿದ್ದುದನ್ನು ತೋರಿಸಿದರೆ ಸಾಕು. ಪಟ್ಟಿಯಲ್ಲಿ ಇಲ್ಲದ ಅರಣ್ಯವಾಸಿಗಳು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನೂ ಸಾಬೀತುಪಡಿಸಬೇಕು. ಕಾಗದವೇ ಇಲ್ಲದೆ ಕಾಡಿನಲ್ಲಿ ಬದುಕಿದವರು 75 ವರ್ಷದ ಕಾಗದವನ್ನು ಎಲ್ಲಿಂದ ತರಬೇಕು? ಇಂತಹ ಅರ್ಜಿಗಳನ್ನು ಓದಿ ಹೇಳಲು, ತಿರಸ್ಕೃತವಾದದ್ದು ಯಾಕೆಂದು ವಿಚಾರಿಸಲು, ಉತಾರ ತೆಗೆಸಲು, ತಹಸೀಲ್ದಾರ ಕಚೇರಿಯ ಮುಂದೆ ಮೂರು ದಿನ ಕೂರಲು, ನಾಲ್ಕನೆಯ ದಿನವೂ ಹೋಗಲು ಜನ ಬೇಕು. ಅದಕ್ಕೆ ಕನ್ನಡ ಓದಲು ಬರೆಯಲು ಬರಬೇಕು, ಮರಾಠಿ ಅರ್ಥವಾಗಬೇಕು. ಅದರಲ್ಲಿ ಚಿತ್ರ ತೆಗೆಸಿಕೊಳ್ಳುವಂತಹದ್ದೇನೂ ಇಲ್ಲ. ಅದಕ್ಕೇ ಯಾರೂ ಬರುವುದಿಲ್ಲ.

ಸಿದ್ದಿ ಹೆಂಗಸರ ಕೌದಿಯ ಚಿತ್ರ ತೆಗೆಯಲು ಮಾತ್ರ ಎಲ್ಲರೂ ಬರುತ್ತಾರೆ. ಕೌದಿ ಹೊಲಿಯುವುದನ್ನು ನನ್ನ ಅವ್ವನೂ ಮಾಡುತ್ತಿದ್ದಳು, ನಿಮ್ಮ ಅಜ್ಜಿಯರೂ ಮಾಡುತ್ತಿದ್ದರು. ಆಗ ನಿಮಗೆ ಅದು ಹಳೆ ಸೀರೆಯ ತೇಪೆಯಾಗಿತ್ತು.

ನನ್ನ ಷರತ್ತುಗಳನ್ನು ಹೇಳಿಬಿಡುತ್ತೇನೆ. ಬರುವವರು ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಬರಬೇಕು, ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವವರೆಗೆ ಇರಬೇಕು. ಹನ್ನೊಂದನೆಯ ತರಗತಿಯವರು ಬೇಡ, ಪದವಿ ಮುಗಿಸಿದವರು ಬರಲಿ. ಮೊದಲ ಮೂರು ತಿಂಗಳು ಯಾವುದನ್ನೂ ಕಲಿಸಬಾರದು. ಶಿಕ್ಷಕಿಯ ಹಿಂದಿನ ಬೆಂಚಿನಲ್ಲಿ ಕುಳಿತು ಕನ್ನಡ ಕಲಿಯಬೇಕು, ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ ಬರೆದುಕೊಟ್ಟು ಅವಳ ಭಾರ ಇಳಿಸಬೇಕು. ಅವಳು ಹೇಳಿದ ಕೆಲಸ ಮಾಡಬೇಕು, ತಮಗೆ ತೋಚಿದ್ದನ್ನಲ್ಲ. ಮನೆಯನ್ನು ಬಾಡಿಗೆಗೆ ಹಿಡಿಯಬೇಕು, ತಿಂಗಳ ಮೊದಲ ದಿನ ಹಣ ಕೊಡಬೇಕು, ನೀರು ತಾವೇ ಹೊರಬೇಕು. ಬರುವ ಮೊದಲು ಶಾಲಾ ಅಭಿವೃದ್ಧಿ ಸಮಿತಿಯ ಸಭೆಯಲ್ಲಿ ಊರಿನವರು ಬೇಕೆನ್ನಬೇಕು. ಬೇಡವೆಂದರೆ ಅಲ್ಲಿಗೇ ಮುಗಿಯಿತು, ನನ್ನ ಶಿಫಾರಸ್ಸು ನಡೆಯುವುದಿಲ್ಲ. ಮಕ್ಕಳ ಚಿತ್ರ ತೆಗೆಯಬಾರದು. ಮತ್ತೆ ಬರುತ್ತೇನೆಂದು ಮಗುವಿಗೆ ಹೇಳಬಾರದು, ಬರುವ ದಿನಾಂಕ ಗೊತ್ತಿಲ್ಲದಿದ್ದರೆ.

ಇಷ್ಟು ಆಗದವರು ನೆಂಟರಾಗಿ ಬನ್ನಿ. ನಮ್ಮ ಮನೆಯಲ್ಲಿ ಉಳಿಯಿರಿ, ನಂದಗಡಕ್ಕೆ ಹೋಗಿ ರಾಯಣ್ಣನ ಸಮಾಧಿ ನೋಡೋಣ, ಸಂತೆಗೆ ಹೋಗೋಣ, ನನ್ನ ಸಿದ್ದಿ ವಿದ್ಯಾರ್ಥಿಗಳ ಮನೆಗೂ ಹೋಗೋಣ, ಚಹಾ ಕುಡಿದು ಸಂಜೆಗೆ ಮರಳೋಣ. ಅದಕ್ಕೆ ಸೇವೆಯೆಂದು ಹೆಸರಿಡಬೇಕಿಲ್ಲ, ಯಾರೂ ಪ್ರಮಾಣಪತ್ರ ಕೊಡುವುದೂ ಇಲ್ಲ.

ಪೂರ್ತಿ ವರ್ಷಕ್ಕೆ ಸಿದ್ಧರಿರುವವರು ಮಾರ್ಚ್ ಒಳಗೆ ನನಗೆ ಬರೆಯಿರಿ. ಮನೆ ನೋಡಲು, ಸಮಿತಿಯವರನ್ನು ಕೇಳಲು ಎರಡು ತಿಂಗಳು ಬೇಕು. ಛತ್ರಿ ಇಲ್ಲಿಯ ಮಳೆಗೆ ತಡೆಯುವುದಿಲ್ಲ. ಕೊಪ್ಪೆಗೆ ಪ್ಲಾಸ್ಟಿಕ್ ಹಾಳೆಯನ್ನು ಖಾನಾಪುರದ ಪೇಟೆಯಲ್ಲೇ ಕೊಳ್ಳಬಹುದು, ಅಲ್ಲಿಂದ ತರಬೇಡಿ.